ಕಂಡೆಯಾ, ಕೇಳಿದೆಯಾ

ಗಾಳಿ ನಿಂತು ಎರಡು ದಿನ.
ಈಗ ಬೀಸುತ್ತಿರುವುದು ಬರೀ ಗಾಳಿಮಾತು:
ಹೆದ್ದಾರಿ ಇಪ್ಪತ್ತೇಳು ತೆರೆದಿದೆಯಂತೆ,
ಇಲ್ಲ, ಸೇತುವೆಯೇ ಇಲ್ಲವಂತೆ,
ಇದೆಯಂತೆ, ಅದರ ಮೇಲೊಂದು ಸೀಗಡಿ ದೋಣಿ ಕೂತಿದೆಯಂತೆ.

ಈ ಅಂತೆಕಂತೆಯ ನಡುವೆ ಲೇಕ್ ಚಾರ್ಲ್ಸ್‌ನಿಂದ ದಕ್ಷಿಣಕ್ಕೆ
ವ್ಯಾನು ಬಿಟ್ಟುಕೊಂಡು ಹೊರಟಿದ್ದೇನೆ.
ಹಿಂದೆ ಹನ್ನೊಂದು ಆಕ್ಸಿಜನ್ ಸಿಲಿಂಡರು,
ತಿರುವಿನಲ್ಲಿ ಒಂದಕ್ಕೊಂದು ತಾಗಿ ಗೊಣಗುತ್ತವೆ.
ಊರು ಕೆಡವಿದ್ದೂ ಗಾಳಿ,
ನಾನು ಉಕ್ಕಿನಲ್ಲಿ ತುಂಬಿ ಒಯ್ಯುತ್ತಿರುವುದೂ ಗಾಳಿ.
ಕ್ರಿಯೋಲ್ ಊರಿನಾಚೆ ಕ್ಲೋವಿಸ್ ಟ್ರಾಹಾನ್,
ನಿಮಿಷಕ್ಕೆ ಎರಡು ಲೀಟರು.
ಅವನ ಮನೆಯಲ್ಲಿ ಉಳಿದದ್ದು, ನನ್ನ ಲೆಕ್ಕದಲ್ಲಿ, ನಾಳೆ ಬೆಳಗಿನವರೆಗೆ.
ಲೆಕ್ಕ ಹಾಕುವಾಗ ನನ್ನದು ಯಾವಾಗಲೂ ತುಸು ಧಾರಾಳದ ಕೈ.

ಫೋನಿನ ನಕ್ಷೆಯಲ್ಲಿ ನೀಲಿ ಗೆರೆ
ನೆಲದ ಮೇಲೂ ನೀರಿನ ಮೇಲೂ ಒಂದೇ ಸಮ ಓಡುತ್ತದೆ.
ಸರ್ಕಾರದ ನಂಬರಿನಲ್ಲಿ ಒಂದು ಹೆಣ್ಣುದನಿ
ನನ್ನ ಕರೆ ಬಹಳ ಮುಖ್ಯವೆಂದು ಹದಿನಾಲ್ಕು ಸಲ ಹೇಳಿ
ಹದಿನೈದನೆಯದಕ್ಕೆ ಸುಮ್ಮನಾಯಿತು.

ಹೋಮ್‌ವುಡ್ ತಿರುವಿನ ಮುಚ್ಚಿದ ಪೆಟ್ರೋಲ್ ಬಂಕಿನಲ್ಲಿ
ಬಿರುಗಾಳಿಯ ಬೆನ್ನು ಹತ್ತಿ ಬಂದವರ ಜೀಪು.
ತಲೆಯ ಮೇಲೆ ತಿರುಗುವ ಬಟ್ಟಲು, ಗಾಜಿಗೆ ಕಬ್ಬಿಣದ ಜಾಳಿಗೆ,
ಬಾಗಿಲ ತುಂಬ ಆಲಿಕಲ್ಲಿನ ಸಿಡುಬು.
ಕ್ಯಾನ್ಸಸ್ಸಿನ ಹುಡುಗಿ, ಮಾರ್ಲಿಸ್ ಅಂತ ಹೆಸರು,
ನಿದ್ದೆಗೆಟ್ಟ ಕಣ್ಣು, ತಣ್ಣನೆಯ ಬೀನ್ಸ್ ಡಬ್ಬಿ,
ಚಮಚ ಬಾಯಲ್ಲೇ ಇಟ್ಟುಕೊಂಡು ವಿಡಿಯೋ ತೋರಿಸಿದಳು.
ಗಿಬ್ಸ್‌ಟೌನ್ ಸೇತುವೆ ಇತ್ತು. ಅದರ ಬುಡದಲ್ಲಿ ರಸ್ತೆ ಇರಲಿಲ್ಲ;
ನೀರು, ನೀರಿನಲ್ಲಿ ನಿಧಾನ ತಿರುಗುವ ಒಂದು ಫ್ರಿಜ್ಜು.
"ಇದು ಯಾವಾಗ?"
"ಮಂಗಳವಾರ. ರಾತ್ರಿ ಮೂರು."
ಇವತ್ತು ಗುರುವಾರ.
ಸುಳ್ಳಲ್ಲ, ಹಳತು.
ಆರು ಬಾಟಲಿ ನೀರು ಕೊಟ್ಟಳು, ದುಡ್ಡು ಬೇಡವೆಂದಳು.
ಫ್ಲಾರಿಡಾದ ಕಡೆ ಇನ್ನೊಂದು ಏಳುತ್ತಿದೆಯಂತೆ.

ಬಂಕಿನ ಆಚೆ ಮೂಲೆಯಲ್ಲಿ, ಐಸ್ ಪೆಟ್ಟಿಗೆಯ ಮೇಲೆ,
ಎರ್ಮಿನ್ ಸವೋಯ್, ಸೀಗಡಿ ತೂಗುವಾಕೆ.
ತೊಡೆಯ ಮೇಲೆ ರಟ್ಟಿನ ಹಾಳೆ, ಕಿವಿಯ ಸಂದಿಗೆ ಸೀಸದಕಡ್ಡಿ.
ದಕ್ಷಿಣದಿಂದ ಬಂದ ಒಂದೊಂದು ಗಾಡಿಯನ್ನೂ ನಿಲ್ಲಿಸಿ
ಒಂದೇ ಪ್ರಶ್ನೆ: "ಕಂಡೆಯಾ, ಕೇಳಿದೆಯಾ?"
ಕೇಳಿದ್ದಾದರೆ ಕೈ ಬೀಸಿ ಕಳಿಸುತ್ತಾಳೆ.
ಕಂಡದ್ದಾದರೆ ಗಂಟೆ, ಹೆಸರು,
ಎಲ್ಲಿಯವರೆಗೆ ಎಂದು ಒಂದು ಗೆರೆ.
ಪಾದ್ರಿಯನ್ನೂ ಬಿಟ್ಟಿಲ್ಲ;
ಶೆರಿಫನ ಎರಡು ಸಾಲು ಹೊಡೆದುಹಾಕಿದ್ದಾಳೆ.
೯.೨೦, ಪೋಲೀನಳ ಮಗ: ಸೇತುವೆ ಗಟ್ಟಿ, ಇಳಿದ ಕೂಡಲೆ ತಂತಿ, ಎಡಕ್ಕೆ ಹಿಡಿ.
೧೦.೦೫, ಬೇಲಿ ಕಟ್ಟುವ ಡೂಸೆ: ದನಗಳು, ಹಾರ್ನಿಗೆ ಏಳುವುದಿಲ್ಲ.
ಆಮೇಲೆ ರಟ್ಟು ಖಾಲಿ.
"ಅಲ್ಲಿಂದಾಚೆ?"
"ಅಲ್ಲಿಂದಾಚೆ ನೀನು" ಎಂದಳು.

ತಂತಿ ಇತ್ತು. ಎಡಕ್ಕೆ ಹಿಡಿದೆ.
ದನಗಳಿದ್ದವು. ಇಳಿದು, ಬೆನ್ನು ತಟ್ಟಿ, ಒಂದೊಂದನ್ನೇ ಎಬ್ಬಿಸಿದೆ.
ಖಾಲಿ ರಟ್ಟಿನೊಳಗೆ ಎರಡು ಮೈಲಿ ಹೋದೆ.
ಅಲ್ಲಿ ಹಳದಿ ಗೆರೆ ನೀರಿನೊಳಕ್ಕೆ ಇಳಿದುಹೋಗಿತ್ತು.
ನೂರು ಗಜ ನೀರು. ಆಚೆ ಮರಗಳು,
ಮರಗಳಲ್ಲಿ ಯಾರದೋ ಅಡುಗೆಮನೆಯ ಪರದೆ.
ಹಾರ್ನ್ ಒತ್ತಿದೆ, ಮೂರು ಸಲ.

ತುಸು ಹೊತ್ತಿಗೆ ಕಬ್ಬಿಣದ ಮೇಲೆ ಕಬ್ಬಿಣ:
ಠಣ್. ಠಣ್.
ಮೂರನೆಯದು ಬರಲು ತಡವಾಯಿತು,
ಒಂದು ಉಸಿರೆಳೆದುಕೊಳ್ಳುವಷ್ಟು.
ಈ ಸದ್ದು ನನಗೆ ಗೊತ್ತು. ಹತ್ತೊಂಬತ್ತು ವರ್ಷದ ಕಸುಬು.
ತುಂಬಿದ ಸಿಲಿಂಡರು ಹೀಗೆ ಕೂಗುವುದಿಲ್ಲ.

ತಿರುಗಿ ಬಂದಾಗ ಜೀಪು ನಿಂತಲ್ಲಿ ಎಣ್ಣೆಯ ಕಲೆ.
ಎರ್ಮಿನ್ ಕಿವಿಯಿಂದ ಕಡ್ಡಿ ತೆಗೆದಳು.
"ರಸ್ತೆ?"
"ಕಂಡೆ. ದನಗಳಿಂದ ಎರಡು ಮೈಲಿ. ಅಲ್ಲಿಗೆ ಮುಗಿಯಿತು."
ಬರೆದಳು.
"ಕ್ಲೋವಿಸ್?"
"ಕೇಳಿದೆ."
ಕಡ್ಡಿ ರಟ್ಟಿನ ಮೇಲೆ ನಿಂತಿತು.
ಆಮೇಲೆ ಅಂಚಿನಲ್ಲಿ, ಎಲ್ಲ ಗೆರೆಗಳ ಹೊರಗೆ, ಸಣ್ಣಕ್ಷರದಲ್ಲಿ
೨.೫೦, ಠಣ್ ಎಂದು ಬರೆದು
ಪೆಟ್ಟಿಗೆಯಿಂದ ಇಳಿದು,
ಅಳಿಯನ ದೋಣಿ ಯಾರ ಹಿತ್ತಿಲಲ್ಲಿ ಬಿದ್ದಿದೆ ಎಂದು
ರಸ್ತೆಗೆಲ್ಲ ಕೇಳುವಂತೆ ಕೂಗತೊಡಗಿದಳು.