ತಟ್ಟೆ ಎತ್ತಿ ಮುಚ್ಚುವಷ್ಟರಲ್ಲಿ

ಪಾಲಿಬೆಟ್ಟದಿಂದ ಎರಡು ತಿರುವು ಆಚೆ
ಲೈನ್ ಮನೆಗಳ ಸಾಲು ಮುಗಿಯುವಲ್ಲಿ ನಮ್ಮ ಅಂಗನವಾಡಿ.
ಸ್ಟೀಲಿನ ತಟ್ಟೆಯನ್ನು ನೆಲಕ್ಕೆ ಬೋರಲು ಹಾಕಿ
ಅಡಿಯಲ್ಲಿ ಕಾಫಿಬೀಜ ಅಡಗಿಸುತ್ತೇನೆ.
ಎತ್ತುತ್ತೇನೆ, ಮುಚ್ಚುತ್ತೇನೆ.
ಎಷ್ಟು?

ಬೆರಳು ಬೇಡ ಕವಿನ್, ತುಟಿ ಅಲುಗಿಸಬೇಡ.
ಎಣಿಸೋದಲ್ಲ, ಕಾಣೋದು.
ಸಂಜೆ ಅಮ್ಮ ಬಂದಾಗ
ಒಂದು ಮೂಗು, ಎರಡು ಕಣ್ಣು ಅಂತ ಲೆಕ್ಕ ಹಾಕಿ
ಆಮೇಲೆ ಅಮ್ಮಾ ಅಂತೀಯಾ?

ಮೂಣು, ಅಂದ ಅವನು.
ತಿನಿ, ಅಂದಳು ರಹಿಮಾ, ಬಂದು ಇನ್ನೂ ತಿಂಗಳಾಗಿಲ್ಲ.
ಚಾತಿ ಏನೂ ಅನ್ನದೆ
ಯಾವುದೋ ಮೂರು ಬೆರಳು ಎತ್ತಿದಳು,
ಕಿರುಬೆರಳು, ಹೆಬ್ಬೆರಳು, ಇನ್ನೊಂದು ಕೈಯದೊಂದು.

ಎರಡು ಗೊತ್ತಿಲ್ಲದ ಮಗು ಈ ತೋಟದಲ್ಲಿಲ್ಲ.
ಹಣ್ಣು ಹಿಸುಕಿದರೆ ಬೆನ್ನು ದುಂಡಗೆ, ಹೊಟ್ಟೆ ಚಪ್ಪಟೆ,
ಮುಖಕ್ಕೆ ಮುಖ ಕೊಟ್ಟು ಮಲಗಿದ ಜೋಡಿ.
ಅಪರೂಪಕ್ಕೆ ಒಂಟಿಬೀಜ ಸಿಕ್ಕರೆ
ನಾಲಿಗೆಯ ಮೇಲಿಟ್ಟು ಬಾಯಿ ತೆರೆದು ತೋರಿಸುತ್ತಾರೆ,
ಉಗಿ ಎಂದರೂ ಉಗಿಯುವುದಿಲ್ಲ.
ಮೂರು ಅಂದರೆ ಒಲೆಯ ಕಲ್ಲು.
ನಾಲ್ಕು ಅಂದರೆ ಬೆಳಗಿನ ಜೀಪಿನ ಚಕ್ರ;
ಜೀಪಿನಲ್ಲಿ ತುಂಬಿದವರು ಎಷ್ಟೆಂದು
ಡ್ರೈವರೂ ಎಣಿಸಿದ್ದಿಲ್ಲ.

ಐದಕ್ಕೆ ಕಣ್ಣು ಜಾರುತ್ತದೆ.
ಸಾಲಾಗಿಟ್ಟರೆ ‘ತುಂಬಾ’ ಅನ್ನುತ್ತಾರೆ.
ಮೂಲೆಗೊಂದರಂತೆ ನಾಲ್ಕು, ನಡುವೆ ಒಂದು ಇಟ್ಟೆ.
‘ಮನೇಲಿ ಅಜ್ಜಿ’ ಎಂದ ಕವಿನ್.
ಅಂದಿನಿಂದ ನಮ್ಮಲ್ಲಿ ಐದಕ್ಕೆ ಅಜ್ಜಿ ಎಂದೇ ಹೆಸರು.

ಮೇಲ್ವಿಚಾರಕಿ ಬಂದರು. ಒಂದರಿಂದ ಹೇಳಿಸಿ ಎಂದರು.
ಕವಿನ್ ಓಡಿಸಿದ, ತಡವಾದ ಮಡಿಕೇರಿ ಬಸ್ಸಿನ ಹಾಗೆ
ಹದಿನೈದರಲ್ಲಿ ನಿಲ್ಲಿಸದೆ ಹದಿನಾರಕ್ಕೆ.
ಶಭಾಷ್ ಎಂದರು.
ಚಾತಿ ಗೋಡೆಗೊರಗಿ ಲಂಗದ ದಾರ ಎಳೆಯುತ್ತಿದ್ದಳು.
ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ:
ಎಣಿಕೆ ಬಾರದು.
ನಾನು ತಟ್ಟೆಯ ವಿಷಯ ತೆಗೆಯಲಿಲ್ಲ.
ಅದನ್ನು ತುಂಬುವ ಕಾಲಂ ಇರಲಿಲ್ಲ,
ನನಗೆ ಧೈರ್ಯವೂ.

ರೊಬಸ್ಟಾ ಕೊಯ್ಲಿನ ಕೊನೆಯ ವಾರ, ಊಟದ ಹೊತ್ತು.
ಬೇಲಿಯಾಚೆ ಸಿಲ್ವರ್ ಮರಗಳ ನಡುವೆ
ನೆರಳು ನಡೆಯಿತು.
ಕಿಟಕಿ ಮುಚ್ಚುವ ಮೊದಲು ಎಣಿಸತೊಡಗಿದೆ, ಒಂದು,
ಎರಡು, ಅದೇ ಒಂದೋ, ಬೇರೆಯದೋ,
ಕಿವಿ ಬೀಸಿತು, ಎಲೆ ಬೀಸಿತು.
‘ನಾಲ್ಕು’ ಎಂದಳು ಚಾತಿ,
ಬಾಯಲ್ಲಿ ಅನ್ನ ಇಟ್ಟುಕೊಂಡೇ.

ಕಂಬಿಯನ್ನು ಒಳಗಿಂದ ಹಾಕಿ ಕೂತೆವು. ಅನ್ನ ಆರಿತು.
ಮೂರು ದಾಟಿದವು, ಎಂದು
ವಾಚರ್ ಬೋಳ ರಸ್ತೆಯಿಂದ ಕೂಗಿದ,
ಬಿಡಿ ಟೀಚರೇ, ಮಕ್ಕಳನ್ನ ಮನೆಗೆ ಬಿಡಿ.
ನಾನು ಚಿಲಕಕ್ಕೆ ಕೈ ಹಾಕಿದೆ.
ಅವಳು ನನ್ನ ಸೆರಗು ಹಿಡಿದು ಎಳೆದಳು,
ಒಂದು ಬೆರಳು ಎತ್ತಿದಳು.

ಸಂಜೆ ಐದರವರೆಗೂ ಬಾಗಿಲು ತೆರೆಯಲಿಲ್ಲ.
ನೀರಿಗೆ ಅತ್ತರು, ಒಂದಕ್ಕೆ ಅತ್ತರು.
ಮೇಸ್ತ್ರಿ ಬೈದ, ತಾಯಂದಿರು ಬೈದರು.
ನಾಲ್ಕನೆಯದನ್ನು ಯಾರೂ ಕಾಣಲಿಲ್ಲ.
ಬೆಳಿಗ್ಗೆ ಹಿಂಬದಿಯ ನಲ್ಲಿಯ ಕೆಸರಲ್ಲಿ
ನಮ್ಮ ಊಟದ ತಟ್ಟೆಗಿಂತ ಕಿರಿದಾದ
ಒಂದು ಹೆಜ್ಜೆ, ತುಂಬ ನೀರು.
ಬೋಳ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು
ಬೀಡಿ ಹಚ್ಚಿದ, ಮಾತಾಡಲಿಲ್ಲ.

ಇವತ್ತು ತಟ್ಟೆ ಅವಳ ಕೈಯಲ್ಲಿ.
ಕಣ್ಮುಚ್ಚಿ ಟೀಚರ್ ಎಂದಳು.
ತೆಗೀರಿ ಎಂದಳು.
ಎತ್ತಿದಳು, ಮುಚ್ಚಿದಳು.
ಖಾಲಿ ನೆಲ, ತಟ್ಟೆಯ ಅಂಚಿನ ಒದ್ದೆ ಗುರುತು.
ಎಷ್ಟು?

ನೂರರವರೆಗೆ ಬರುವ ನನಗೆ
ಹೇಳಲು ಒಂದು ಗಳಿಗೆ ಬೇಕಾಯಿತು.
ಎಣಿಸ್ತಿದ್ದಾರೆ, ಟೀಚರ್ ಎಣಿಸ್ತಿದ್ದಾರೆ, ಎಂದು
ಮೂರು ಭಾಷೆಗಳಲ್ಲಿ ನಕ್ಕರು.