ನೀರಿನ ಸಾಣಿ

ಅಥಣಿ ಬಸ್ಸಿನಾಗ
ಕಿಡಕಿ ಬಾಜೂಕ ನಾ ಕೂಡಿಸಿದ್ದು ಚಕ್ರ.
ಮೇವು ಕತ್ತರಿಸೋ ಮಶೀನಿಂದು, ಬೀಡಿನದು,
ಬೆಳಗಾವಿ ಉದ್ಯಮಬಾಗದಾಗ
ಪುಂಡಲೀಕನ ಗುಜರಿ ರಾಶಿಯೊಳಗ ಸಿಕ್ಕಿದ್ದು.
"ಇದಕ್ಕೂ ತಿಕೀಟು ತಗೋ ಕಾಕಾ," ಅಂದ ಕಂಡಕ್ಟರ್,
"ನಿನಗಿಂತ ಜಾಸ್ತಿ ತೂಕ ಐತಿ."
ತಗೊಂಡೆ. ಅರ್ಧ ತಿಕೀಟು.

ಅಜ್ಜ ಹೆಗಲ ಮ್ಯಾಲೆ ಸಾಣಿ ಹೊತ್ತು
ಊರೂರು ತಿರುಗಿದಾಂವ.
ಒಂದು ಕಾಲು ತುಳಿಯಾಕ, ಇನ್ನೊಂದು ಊರಾಕ.
ಅಂವನ ಕಲ್ಲು ಗೇಣಿನಷ್ಟು.
ಸಣ್ಣ ಚಕ್ರ ಅಲಗಿನಾಗ ಬಾವಿ ತೋಡತೈತಿ,
ದೊಡ್ಡದು ಬರೇ ಅಂಗೈ ತಗ್ಗು ಬಿಡತೈತಿ,
ಕಣ್ಣಿಗೆ ಕಾಣಂಗಿಲ್ಲ, ಬೆರಳಿಗೆ ಗೊತ್ತಾಕೈತಿ.

ಚಕ್ರದ ಭಾರದ ಮಗ್ಗಲು ಹುಡುಕಿ ತೂತು ಕೊರೆದೆ,
ಟೈರಿನ ರಬ್ಬರು ಸುತ್ತಿ ಅಂಟಿಸಿದೆ.
ಮುಚ್ಚಿದ ಹಿಟ್ಟಿನ ಗಿರಣಿಯ ಮೋಟರು,
ಹಳೇ ಜೀಪಿನ ಬೇರಿಂಗು, ಬಾಗಿಲ ಸ್ಪ್ರಿಂಗು.
ಮೊದಲ ಸರತಿ ಗುಂಡಿ ಒತ್ತಿದಾಗ
ಪಟ್ಟಾ ಹಾರಿ ಹೋಗಿ
ಜೈತುನಳ ಉಪ್ಪಿನಕಾಯಿ ಭರಣಿ ಒಡೀತು.
ಮೂರು ದಿನ ಅಕಿ ಮಾತಾಡಲಿಲ್ಲ,
ನನಗೂ ಕೆಲಸಕ್ಕ ಮೂರು ದಿನ ಪೂರ್ತಿ ಸಿಕ್ತು.

ತಪ್ಪು ಮ್ಯಾಲಿನ ಸಣ್ಣ ಗಾಲಿಯೊಳಗ ಇತ್ತು.
ನಾ ಅದರ ನಡು ತಗ್ಗು ಮಾಡಿದ್ದೆ,
ಪಟ್ಟಾ ತಗ್ಗಿನಾಗ ಕುಂದ್ರತೈತಿ ಅಂತ, ನೀರಿನಂಗ.
ಪಟ್ಟಾ ನೀರಲ್ಲ. ಅದು ಏರು ಹುಡುಕತೈತಿ.
ಗಾಲಿಯ ನಡು ಉಬ್ಬಿರಬೇಕು, ಕೂದಲೆಳಿಯಷ್ಟು,
ಎತ್ತ ಜಾರಿದ್ರೂ ತಾನ ಹತ್ತಿ ಬಂದು ನಿಲ್ಲತೈತಿ.
ಇಪ್ಪತ್ತು ವರ್ಷ ಲೇಥಿನ ಮುಂದ ನಿಂತಾಂವ,
ನನಗಿದು ಗೊತ್ತಿರಲಿಲ್ಲ.
ಯಾರ ಮುಂದೂ ಹೇಳಿಲ್ಲ.

ಸವೆದ ಅರ ಒಂದನ್ನ ಕಾಸಿ, ಬಡಿದು,
ಗೋದಿ ಬಣ್ಣಕ್ಕ ಹದ ಇಳಿಸಿ
ಶೇವಂತವ್ವಗ ರಂಪಿ ಮಾಡಿದೆ, ಒಣಾ ಪಟ್ಟಾದ ಮ್ಯಾಲೆ.
ಕಿಡಿ ನೋಡಬೇಕಿತ್ತು ನೀವು!
ಪಟಾಕಿ ಅಂತ ಓಣಿ ಹುಡುಗರೆಲ್ಲಾ ಓಡಿ ಬಂದ್ರು.
ಅಲಗು ನೀಲಿ ಆತು, ನವಿಲ ಕುತ್ತಿಗಿಯಂಗ.
ಶೇವಂತವ್ವ ಹೆಬ್ಬಟ್ಟಿಲೆ ಸವರಿ,
ಚಪ್ಪಲಿ ತೊಗಲಿನ ಅಂಚಿಗೆ ಎರಡು ಸಲ ಹಚ್ಚಿ
ತಿರುಗಿ ಕೊಟ್ಟಳು:
"ಛಂದ ಐತಿ ಮೀರಾಸಾಬ. ಸತ್ತೈತಿ."

ಸರಕಾರಿ ದವಾಖಾನಿ ನರ್ಸಬಾಯಿಗೆ ಕೇಳಿ
ಖಾಲಿ ಸಲಾಯಿನ್ ಬಾಟ್ಲಿ ತಂದೆ, ನಳಿಗಿ ಸಮೇತ.
ಚಕ್ರದ ನೆತ್ತಿ ಮ್ಯಾಲೆ ತೂಗು ಹಾಕಿ
ಹನಿ ಎಣಿಸುತ್ತ ಕೂತೆ.
"ಯಾರಿಗೆ ಆರಾಮಿಲ್ಲೋ?" ಅಂದ ಓಣ್ಯಾಗ ಹೊಂಟಾಂವ.
ಸ್ವಿಚ್ಚು ಗ್ವಾಡಿ ಆಚಿಕಡೆ,
ಅರ್ಥಿಂಗ್ ವಾಯರು ನುಗ್ಗಿ ಗಿಡದ ಬುಡಕ್ಕ,
ಇದ್ದಲಿ, ಉಪ್ಪು ಸುರುವಿ.
ಕಾಗದದ ಪಟ್ಟಾ ನೆನೆದು ಹರೀತು,
ಅರಿವೀದು ತರಿಸಿದೆ.

ಈಗ ಕಿಡಿ ಇಲ್ಲ. ಹುಡುಗರು ಬರೂದು ಬಿಟ್ರು.
ಬೂದಿ ಬಣ್ಣದ ರಾಡಿ ಮೊಣಕೈತನಕ ಇಳೀತೈತಿ,
ಅಂಗಿ ಒದ್ದಿ, ಮೊಣಕಾಲು ಒದ್ದಿ.
ಪಟ್ಟಾದ ಕೂಡು ಸುತ್ತಿಗೊಮ್ಮೆ ಟಕ್ ಅಂತೈತಿ,
ಟಕ್, ಟಕ್,
ಅಜ್ಜ ಕಾಲು ತುಳಿದಂಗ ಅನಬಹುದಿತ್ತು,
ಆದ್ರ ಅಲ್ಲ. ಅಜ್ಜನ ಸಾಣಿ ಕಿರ್ರ್ ಅಂತಿತ್ತು.

ನೀರು ಕೆಳಗ ಹೊಂಟೈತಿ,
ಪಟ್ಟಾ ಏರಿಗೆ ಹತ್ತೇತಿ,
ನಡುವ ಉಕ್ಕು ಹಿಡಿದೀನಿ, ಬರಿಗೈಲಿ.
ಬೆರಳು ಸುಟ್ರ ಉಕ್ಕೂ ಸುಟ್ಟಂಗ.
ಇನ್ನೂ ಸುಟ್ಟಿಲ್ಲ.

ಎರಡನೇ ರಂಪಿ ಒಯ್ದು ಹದಿನೈದು ದಿನ ಆತು,
ಶೇವಂತವ್ವ ಏನೂ ಅಂದಿಲ್ಲ, ತಿರುಗಿಯೂ ಕೊಟ್ಟಿಲ್ಲ.
ನಿನ್ನೆ ಸಂತ್ಯಾಗ ಸಿಕ್ಕಾಗ ನಿಲ್ಲಿಸಿ ಕೇಳಿದಳು:
"ಆ ನೀಲಿದು ಒಗದಿಯೇನು?
ಇದ್ರ ಕೊಡು.
ಬೆಲ್ಲ ಒಡಿಯಾಕ ಬೇಕು."