ಆರು ವರ್ಷ ನೋಡಿದ ಬೆನ್ನು

ಎರ್ಮೆಲಿಂದಾಳ ಮುಖ ನನಗೆ ಅಷ್ಟಾಗಿ ಗೊತ್ತಿಲ್ಲ.
ಕಣ್ಣು ಕಂದೋ ಹಸಿರೋ, ಹೇಳಲಾರೆ.
ಬೆನ್ನು ಕೇಳಿ, ಹೇಳುತ್ತೇನೆ:
ಕುತ್ತಿಗೆಯ ಬುಡದಲ್ಲಿ ಕಾಳುಮೆಣಸಿನಷ್ಟು ಮಚ್ಚೆ,
ಬಲಭುಜ ಎಡಕ್ಕಿಂತ ಒಂದು ಬೆರಳು ಕೆಳಗೆ,
ಜಡೆ ಗಡಿಯಾರದ ಲೋಲಕ,
ಬಲಕ್ಕೊಮ್ಮೆ ಎಡಕ್ಕೊಮ್ಮೆ,
ದಣಿದಾಗ ಬಲಕ್ಕೆ ಮಾತ್ರ.

ವರ್ಷದ ಕೊನೆಯ ಸಂಜೆ ನಮ್ಮೂರಲ್ಲಿ ಓಟ.
ಹತ್ತು ಕಿಲೋಮೀಟರು. ಹೊಳೆ ದಾಟಿ, ಬಂದರು ಸುತ್ತಿ,
ಇಗರ್ಜಿಯ ಏರು ಹತ್ತಿ, ಮತ್ತೆ ಚೌಕಕ್ಕೆ.
ಐವತ್ತು ದಾಟಿದ ಹೆಂಗಸರಲ್ಲಿ ಮೊದಲು ಬಂದವಳಿಗೆ
ಉಪ್ಪು ತುಂಬಿ ಒಣಗಿಸಿದ ಇಡೀ ಕಾಡ್ ಮೀನು,
ಎರಡನೆಯವಳಿಗೆ ಐದು ಲೀಟರು ಆಲಿವ್ ಎಣ್ಣೆ.
ಆರು ವರ್ಷದಿಂದ ನಮ್ಮ ಅಡುಗೆಮನೆಯಲ್ಲಿ
ಎಣ್ಣೆಗೆ ಬರವಿಲ್ಲ.

ನಾನು ಸಾರ್ಡೀನ್ ಡಬ್ಬಿಯ ಕಾರ್ಖಾನೆಯವಳು.
ದಿನವಿಡೀ ನಿಂತು ಮೀನಿನ ತಲೆ ತೆಗೆದು
ಸಂಜೆ ಬಂದರಿನ ದಂಡೆಯಲ್ಲಿ ಓಡಿದರೆ
ಬೆಕ್ಕುಗಳು ಹಿಂದೆ ಬರುತ್ತವೆ.
"ನಿನ್ನ ಅಭಿಮಾನಿಗಳು," ಎನ್ನುತ್ತಾನೆ ಅರ್ಮಿಂದು,
ಬಾಗಿಲಲ್ಲಿ ಟವೆಲ್ ಹಿಡಿದು.
ಅವಳು ಹೊಳೆಯಾಚೆಯ ದವಾಖಾನೆಯ ನರ್ಸು.
ಒಮ್ಮೆ ನನಗೆ ಸೂಜಿ ಚುಚ್ಚಿದ್ದೂ ಅವಳೇ,
ಆಗ ನಾನು ಗೋಡೆ ಕಡೆ ಮುಖ ಮಾಡಿದ್ದೆ.

ಈ ಸಲ ಮಳೆ ನಿಂತಿತ್ತಷ್ಟೆ. ಕಲ್ಲುಹಾಸು ಜಾರುತ್ತಿತ್ತು.
ಹುಡುಗರು ಬಾಣಬಿರುಸಿನಂತೆ ಹೋದರು,
ಎರಡನೇ ಕಿಲೋಮೀಟರಿಗೆ ಅರ್ಧ ಜನ
ಸೊಂಟ ಹಿಡಿದು ನಿಂತಿದ್ದರು.
ನಾವು ಹಾಗಲ್ಲ,
ತಿಂಗಳ ಕೊನೆಯಲ್ಲಿ ಅಕ್ಕಿ ಅಳೆಯುವ ಹಾಗೆ
ಉಸಿರು ಅಳೆಯುವವರು.
ಇಪ್ಪತ್ತು ಹೆಜ್ಜೆ ಮುಂದೆ ಅವಳು,
ಹಿಂದೆ ನಾನು,
ಬೆನ್ನು ಬಿಡದ ಸಾಲಗಾರ್ತಿ.

ಏಳನೇ ಕಿಲೋಮೀಟರು. ಇಗರ್ಜಿಯ ಏರು ಶುರುವಾಗುವಲ್ಲಿ
ಜಡೆ ಬಲಕ್ಕೆ ಮಾತ್ರ ಹೊಡೆಯತೊಡಗಿತು.
ಇಷ್ಟು ಬೇಗ?
ಖುಷಿಯಾಯಿತು, ಸುಳ್ಳೇಕೆ.
ಹೆದರಿಕೆಯೂ ಆಯಿತು,
ರಾತ್ರಿ ಎಚ್ಚರವಾಗಿ
ಮನೆಯ ಗಡಿಯಾರದ ಸದ್ದು ಕೇಳದಿದ್ದರೆ ಆಗುವಂಥದ್ದು.

ಹದಿನೈದು ಹೆಜ್ಜೆ. ಎಂಟು. ಮಚ್ಚೆ ಕಂಡಿತು.
ಅವಳ ಏದುಸಿರಲ್ಲಿ ಕಿತ್ತಳೆಯ ವಾಸನೆ.
ಎರಡು ದೀಪದ ಕಂಬದಷ್ಟು ದೂರ
ಭುಜಕ್ಕೆ ಭುಜ ಓಡಿದೆವು.
ತಿರುಗಿ ನೋಡಲಿಲ್ಲ.
ನೋಡಿದ್ದರೆ "ನೀನೇ ಹೋಗು" ಅಂದುಬಿಡುತ್ತಿದ್ದೆನೇನೋ.

ಆಮೇಲೆ ಬರೀ ದಾರಿ.
ಒದ್ದೆ ಕಲ್ಲು, ಹಳದಿ ಬೆಳಕು,
ಮುಂದೆ ಯಾರ್ಯಾರೋ ಇದ್ದರು, ನಿಜ,
ನನ್ನ ಬೆನ್ನು ಇರಲಿಲ್ಲ.
ಎಲ್ಲಿ ಬಿಗಿ ಹಿಡಿಯಬೇಕು, ಎಲ್ಲಿ ಬಿಡಬೇಕು,
ಯಾವ ತಿರುವಿನಲ್ಲಿ ಗೋಡೆಗೆ ಒತ್ತಿಕೊಳ್ಳಬೇಕು,
ಅದೆಲ್ಲ ಅವಳೇ ನೋಡಿಕೊಳ್ಳುತ್ತಿದ್ದಳು.
ನನ್ನದು ಬರೀ ಕಾಲು.
ಮಹಡಿಯಿಂದ ಮುದುಕಿಯೊಬ್ಬಳು ಬಾಣಲೆ ಬಡಿದು ಕೂಗಿದಳು:
"ನಡಿಯೇ ಮೀನಿನವಳೇ!"
ನಡೆದೆ. ಅಂದರೆ ಓಡಿದೆ, ಹೇಗೋ,
ಅಂಗಿಯೊಳಗೆ ಬೆನ್ನು ಚುರುಚುರು ಉರಿಯುತ್ತಿತ್ತು.
ಐವತ್ತೇಳು ವರ್ಷಕ್ಕೆ ಮೊದಲ ಸಲ
ನನಗೂ ಒಂದು ಬೆನ್ನಿದೆ ಅನ್ನಿಸಿತು.

ಗೆರೆ ದಾಟಿದೆ. ಮೀನು ಕೊಟ್ಟರು,
ಎಳೆಗೂಸನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ.
ನಲವತ್ತು ಸೆಕೆಂಡಿಗೆ ಅವಳು ಬಂದಳು,
ಮಂಡಿಗೆ ಕೈಯೂರಿ ಕೆಮ್ಮಿದಳು,
ಆಮೇಲೆ ಎಣ್ಣೆಯ ಕ್ಯಾನು ಕಂಕುಳಿಗೇರಿಸಿ ಹತ್ತಿರ ಬಂದಳು.
ಜ್ವರವಿತ್ತು, ಮಂಡಿ ನೋವಿತ್ತು, ಏನೋ ಅನ್ನುತ್ತಾಳೆಂದು ನಿಂತೆ.
"ನಿನ್ನ ಎಡಗಾಲಿನ ಬೂಟು ಹೊರಮಗ್ಗುಲು ಸವೆದಿದೆ," ಅಂದಳು.
"ಹಿಮ್ಮಡಿ ವಾಲುತ್ತೆ. ಬದಲಾಯಿಸು."
ಮೂರೇ ಕಿಲೋಮೀಟರಿನಲ್ಲಿ ಅಷ್ಟು ನೋಡಿದ್ದಳು.
ನಾನು ತಲೆ ಬಗ್ಗಿಸಿ ಬೂಟನ್ನೇ ನೋಡುತ್ತಿದ್ದೆ.
ಕಣ್ಣಿನ ಬಣ್ಣ ಈ ಸಲವೂ ತಪ್ಪಿಹೋಯಿತು.

ರಾತ್ರಿ ಮೀನನ್ನು ನೀರಿಗೆ ಹಾಕಿದೆ.
ಎರಡು ದಿನ ನೆನೆಯಬೇಕು, ಉಪ್ಪು ಬಿಡಲು.
ಬೋಗುಣಿ ಸಾಲದೆ ಬಾಲ ಹೊರಗೆ ನಿಂತಿದೆ.
ಅರ್ಮಿಂದು ಕಪಾಟು ತೆಗೆದು ಬಾಟಲಿ ಅಲ್ಲಾಡಿಸಿ ನೋಡಿದ:
ತಳ ಕಾಣುತ್ತಿದೆ.
ಈ ವರ್ಷ ಎಣ್ಣೆ ಕೊಳ್ಳಬೇಕು.